ಸಾಹೇಬರಿಗೊಂದು ಮಡಚುವ ಚಾಕು

ಚಾಕು ಕೊಡೋಣವೆಂದು ಮೊದಲು ಬಾಯಿ ಬಿಟ್ಟವನು ದೇವೇಂದ್ರಪ್ಪನೇ. ಆದ್ದರಿಂದ ಆಮೇಲೆ ಅನುಭವಿಸಿದ್ದನ್ನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ನಾಳೆ ನವೆಂಬರ್ ಒಂದು. ಮುಂಬೈ ಸರ್ಕಾರದ ಕೈಬಿಟ್ಟು ಶಿರಹಟ್ಟಿ ಮೈಸೂರು ರಾಜ್ಯಕ್ಕೆ ಸೇರುವ ದಿನ. ಊರಲ್ಲಿ ತೋರಣ ಕಟ್ಟುವವರು ಕಟ್ಟುತ್ತಿದ್ದರು. ಆದರೆ ಅಲ್ಲಿಯ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಸಂಭ್ರಮವೇ ಬೇರೆ. ಸಾಹೇಬರು ಹೋಗುತ್ತಾರೆ! ಅವರು ಸಾಂಗಲಿ ಕಡೆಯವರು, ಮನೆಮಾತು ಮರಾಠಿ. ಮುಂಬೈ ರಾಜ್ಯದಲ್ಲೇ ಉಳಿಯುತ್ತಾರೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವರನ್ನು ಕೇಳಿ ತಿಳಿದುಕೊಳ್ಳುವ ಗೋಜಿಗೂ ಯಾರೂ ಹೋಗಿರಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ದೇವೇಂದ್ರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಅವರಿಗೆ ಈ ಗುಮಾಸ್ತನ ಮೇಲೆ ವಿಪರೀತ ಪ್ರೀತಿ. ಆರು ವರ್ಷದಿಂದ ದಿನಾ ಬೆಳಿಗ್ಗೆ ಅವರ ಹೊಟ್ಟೆಯ ಸಮಾಚಾರವನ್ನು ಅವನೇ ಕೇಳಬೇಕು. ಎಷ್ಟು ತೇಗು ಬಂದವು, ಗುಡುಗಿದ್ದು ಎಡಕ್ಕೋ ಬಲಕ್ಕೋ, ಎಲ್ಲವನ್ನೂ. ಭಾನುವಾರಕ್ಕೂ ರಜೆಯಿಲ್ಲ. ಹೆಂಡತಿ ನೀಲಗಂಗವ್ವ, ಮಕ್ಕಳು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಇವನು ಇಲ್ಲಿ ಖಾನಾವಳಿಯ ಗಿರಾಕಿ. ಗದಗಿಗೆ ವರ್ಗ ಕೇಳಿ ಮೂರು ಅರ್ಜಿ ಹಾಕಿದ್ದ. ಮೂರು ಸಲವೂ ಸಾಹೇಬರು, "ನೀ ಹೋದರ ನನ್ನ ಹೊಟ್ಟಿ ಯಾರು ಕೇಳಬೇಕೋ?" ಎಂದು ಕಣ್ಣಲ್ಲಿ ನೀರು ತಂದು ಅರ್ಜಿಯನ್ನು ಮಡಚಿ ಅವನ ಕೈಗೇ ಕೊಟ್ಟಿದ್ದರು. ಹೋದ ವಾರವಂತೂ, "ನಾ ಎಲ್ಲೆ ಇದ್ದರೂ ನೀ ನನ್ನ ಹತ್ತರನ ಇರಬೇಕು ನೋಡು" ಎಂದುಬಿಟ್ಟರು.

ಆಗ ಅವನಿಗೆ ಅಜ್ಜಿ ಗದಿಗೆವ್ವನ ಮಾತು ನೆನಪಾಯಿತು. ಹರಿತವಾದದ್ದನ್ನು ಯಾರಿಗಾದರೂ ಕೈಯಾರೆ ಕೊಟ್ಟರೆ ಅವರ ಋಣ ಅಲ್ಲಿಗೇ ಹರಿಯುತ್ತದಂತೆ. ಕುಡಗೋಲು ಬೇಕೆಂದರೆ ಅಜ್ಜಿ ನೆಲದ ಮೇಲಿಟ್ಟು ಸರಿಸುತ್ತಿದ್ದಳೇ ಹೊರತು ಕೈಗೆ ಕೊಡುತ್ತಿರಲಿಲ್ಲ. ಸಾಹೇಬರಿಗೆ ಪೇರಲಹಣ್ಣನ್ನು ಹೆಚ್ಚಿಕೊಂಡು ತಿನ್ನುವ ಅಭ್ಯಾಸ. ಹಾಗಾಗಿ ಬೀಳ್ಕೊಡುಗೆಗೆ ಒಂದು ಮಡಚುವ ಚಾಕು ಕೊಡೋಣ ಎಂದಾಗ ಯಾರೂ ಅನುಮಾನಪಡಲಿಲ್ಲ.

ಪಟ್ಟಿ ಕೂಡಿತು. ಗಣಪತಿ ಪಟ್ಟಿಗೆ ನಾಲ್ಕಾಣೆ ಕೊಡಲು ನರಳುವವರು ಈ ಪಟ್ಟಿಗೆ ನಗುನಗುತ್ತ ಐದೈದು ರೂಪಾಯಿ ಹಾಕಿದರು. ಒಟ್ಟು ಎಪ್ಪತ್ತು! ಒಬ್ಬ ಗುಮಾಸ್ತನ ತಿಂಗಳ ಪಗಾರವೇ ಒಂದು ಚಾಕುವಿಗೆ. ಮುಂಜಾನೆಯ ಮೋಟಾರಿಗೆ ದೇವೇಂದ್ರಪ್ಪ ಗದಗಿಗೆ ಹೊರಟ. ಇಷ್ಟು ದುಡ್ಡನ್ನು ಒಬ್ಬನ ಕೈಗೆ ಕೊಡುವುದು ಹೇಗೆಂದು ಹಿರಿಯ ಗುಮಾಸ್ತ ಮುದಕಪ್ಪನವರೂ ಹೊರಟರು. ಅವರ ಛತ್ರಿ ಹಿಡಿಯಲು ಜವಾನ ಜಹಾಂಗೀರನೂ ಬಂದ.

ಗದಗಿನ ಪೇಟೆಯಲ್ಲಿ ಮುರ್ತುಜಾನ ಅಂಗಡಿ. ಎಪ್ಪತ್ತು ರೂಪಾಯಿ ಎಂದು ಕೇಳಿದ್ದೇ ಅವನು ಗಾದಿಯಿಂದ ಎದ್ದು ನಿಂತ.

"ಬರ್ರಿ, ಕುಂಡ್ರಿ! ಇಂಥಾ ಗಿರಾಕಿ ಬಂದು ಹತ್ತು ವರ್ಷ ಆಗಿತ್ತು. ಇದನ್ನ ನೋಡ್ರಿ, ವಿಲಾಯ್ತಿ ಉಕ್ಕು. ಅಲಗು ಹೆಂಗ ಮಿಂಚತೈತಿ!"

"ಹಿಡಿ ಯಾತರದು?" ಎಂದರು ಮುದಕಪ್ಪ.

"ಎಲುಬಿಂದು."

ಮುದಕಪ್ಪ ಕೆಂಡ ಮುಟ್ಟಿದವರಂತೆ ಕೈಬಿಟ್ಟರು. "ಶಿವಶಿವಾ! ಎಲುಬು ಹಿಡಕೊಂಡು ಹಣ್ಣು ತಿನ್ನೂದs? ತಗೀರಿ ಅತ್ತಾಗ."

ಎರಡನೆಯದರಲ್ಲಿ ಆರು ಅಲಗು, ಒಂದು ಕತ್ತರಿ, ಒಂದು ತಿರುಪು.

"ಈ ತಿರುಪು ಯಾಕ?"

"ಬಾಟ್ಲಿ ಬೂಚು ತೆಗಿಯಾಕರಿ."

"ದಾರೂಬಂದಿ ಸರ್ಕಾರದಾಗ ಸಾಹೇಬರಿಗೆ ಬೂಚು ತೆಗಿಯೂದು ಕೊಟ್ಟರ ನಮ್ಮ ನೌಕರಿ ಉಳೀತೈತೇನು?"

"ನಾಳಿಂದ ಸರ್ಕಾರ ಬ್ಯಾರೇನ ಐತಲ್ರೀ," ಎಂದ ಜಹಾಂಗೀರ.

"ಇವತ್ತಂತೂ ಇದs ಐತಿ. ಬಾಯಿ ಮುಚ್ಚು."

ಮೂರನೆಯದು ಕರಿಮರದ ಹಿಡಿಯದು, ಬೆಳ್ಳಿಯ ಕಟ್ಟು. ಚೆಂದವೆಂದರೆ ಚೆಂದ. ದೇವೇಂದ್ರಪ್ಪ ಆಸೆಯಿಂದ ಬಿಚ್ಚಿದ. ಮುಚ್ಚುವಾಗ ಅದು ಗಕ್ಕನೆ ಅವನ ತೋರುಬೆರಳನ್ನೇ ಕಚ್ಚಿತು.

"ಉಕ್ಕು ಖರೇನ ಚಲೋ ಐತಿ," ಎಂದು ಮುರ್ತುಜಾ ಸಂತೋಷಪಟ್ಟ.

ಮುದಕಪ್ಪನವರಿಗೆ ಬೆರಳು ಸಾಕ್ಷಿಯಾಗಲಿಲ್ಲ, ಹಣ್ಣಿನ ಮೇಲೇ ನೋಡಬೇಕೆಂದರು. ಅಂಗಡಿಯ ಮುಂದೆ ಕೂತ ಫಕೀರಬಿಯ ಬುಟ್ಟಿಯಿಂದ ಪೇರಲಹಣ್ಣು ಬಂದವು. ಒಂದು ಹಣ್ಣಿಗೆ ಒಂದು ಚಾಕು. ನೆರೆದವರೆಲ್ಲ ತೀರ್ಪುಗಾರರಾದರು. ಒಬ್ಬ ಹೋಳು ದಪ್ಪವಾಯಿತೆಂದ. ಇನ್ನೊಬ್ಬ ಬೀಜ ಸೀಳಲಿಲ್ಲವೆಂದ. ಜಹಾಂಗೀರ ತನ್ನ ಮುಂಗೈ ಕೂದಲನ್ನು ಬೋಳಿಸಿ ತೋರಿಸಿದ. ಮುದಕಪ್ಪ ತಮ್ಮ ಕೋಟಿನಿಂದ ಜೋತಾಡುತ್ತಿದ್ದ ಒಂದು ದಾರವನ್ನು ಕೊಯ್ಯಲು ಹೋಗಿ ಮೂರು ಗುಂಡಿ ಕಳೆದುಕೊಂಡರು. ಹನ್ನೊಂದು ಹಣ್ಣು ಮುಗಿದವು.

"ರೊಕ್ಕಾ ಕೊಟ್ಟ ಹಣ್ಣು, ಕೆಡಸಬಾರದು. ತಿನ್ನು ದೇವೇಂದ್ರಪ್ಪಾ, ನನಗ ಹಲ್ಲಿಲ್ಲ," ಎಂದರು ಮುದಕಪ್ಪ.

ದೇವೇಂದ್ರಪ್ಪ ಹನ್ನೊಂದನ್ನೂ ತಿಂದ. ಕೊನೆಗೆ ಕರಿಮರದ್ದೇ ಗೆದ್ದಿತು. ಮುರ್ತುಜಾ ಅದನ್ನು ಕಾಗದದಲ್ಲಿ ಕಟ್ಟುವಷ್ಟರಲ್ಲಿ ಸೂಜಿ ಕೊಳ್ಳಲು ಬಂದು ನಿಂತಿದ್ದ ಉಡಚವ್ವ ಎಂಬ ಮುದುಕಿ ಕೇಳಿದಳು: "ಯಾರಿಗೆ ಕೊಡಾಕ ಹತ್ತೀರಿಪಾ ಇದನ್ನ?"

"ನಮ್ಮ ಸಾಹೇಬರಿಗಬೇ," ಎಂದ ಜಹಾಂಗೀರ.

"ಅಯ್ಯ ನನ ಶಿವನ! ಚಾಕು ಕೊಟ್ಟರ ಋಣ ಹರಿತೈತಿ. ಅಷ್ಟೂ ತಿಳೀದೇನು?"

ಮುದಕಪ್ಪನವರ ಮುಖ ಸುಣ್ಣವಾಯಿತು. "ಅಪಶಕುನ! ಇದು ಬ್ಯಾಡ, ಶಾಲು ತಗೊಳ್ಳೂಣು."

ದೇವೇಂದ್ರಪ್ಪನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಶಾಲು ಹೊದ್ದ ಸಾಹೇಬರು ಇನ್ನಷ್ಟು ಬೆಚ್ಚಗೆ ತನ್ನನ್ನು ಪ್ರೀತಿಸಿದಂತೆ ಅವನಿಗೆ ಕಂಡಿತು.

"ಮುದಕಪ್ಪನವರ, ಮಡಚೂ ಚಾಕಿಗೆ ಆ ದೋಷ ಹತ್ತಂಗಿಲ್ಲರಿ! ಅದರ ಬಾಯಿ ಮುಚ್ಚಿರತೈತಿ. ಬಾಯಿ ಮುಚ್ಚಿದ್ದು ಏನು ಕಡದೀತು?"

ಮುದಕಪ್ಪ ಯೋಚಿಸಿದರು. ಉಡಚವ್ವನೂ ಯೋಚಿಸಿದಳು. "ಅದೂ ಖರೆ ಅನ್ನು," ಎಂದು ಅವಳೇ ಒಪ್ಪಿದ ಮೇಲೆ ಮುದಕಪ್ಪನವರೂ ದುಡ್ಡು ಬಿಚ್ಚಿದರು.

ತಿರುಗಿ ಬರುವ ಮೋಟಾರಿನಲ್ಲಿ ದೇವೇಂದ್ರಪ್ಪ ಸುಸ್ತಾಗಿ ಒರಗಿದ್ದ. ಬೆರಳು ಉರಿಯುತ್ತಿತ್ತು, ಹನ್ನೊಂದು ಪೇರಲಹಣ್ಣು ಹೊಟ್ಟೆಯಲ್ಲಿ ಪಂಚಾಯತಿ ನಡೆಸಿದ್ದವು. ಅದಕ್ಕಿಂತ ಹೆಚ್ಚಾಗಿ ತಾನೇ ಹೇಳಿದ ಸುಳ್ಳು ಅವನನ್ನು ಕಾಡತೊಡಗಿತು. ಅದು ನಿಜವೇ ಆಗಿದ್ದರೆ? ಬಾಯಿ ಮುಚ್ಚಿದ ಚಾಕು ಋಣವನ್ನು ಕಡಿಯದೇ ಹೋದರೆ? ಬಿಚ್ಚಿಯೇ ಕೊಡಬೇಕು, ಅದೂ ಕೈಯಿಂದ ಕೈಗೆ, ಎಂದು ನಿರ್ಧರಿಸಿದ.

ಸಂಜೆ ಸಮಾರಂಭ ನಡೆಯಿತು. ಮುದಕಪ್ಪ ಕೋಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಸಾಹೇಬರ ಗುಣಗಾನ ಮಾಡಿದರು. ದೇವೇಂದ್ರಪ್ಪ ಮುಂದೆ ಬಂದು, ಎಲ್ಲರೂ ಬೆಚ್ಚುವಂತೆ ಚಾಕುವನ್ನು ಫಟ್ಟನೆ ಬಿಚ್ಚಿ, ಸಾಹೇಬರ ಅಂಗೈಗೇ ಇಟ್ಟ. ಮುಗಿಯಿತು. ಆರು ವರ್ಷದ ಭಾರ ಹೆಗಲಿಂದ ಇಳಿದಂತಾಗಿ ಅವನಿಗೆ ಅಳುವೇ ಬಂತು.

ಅವನ ಅಳುವನ್ನೂ ಬೆರಳಿನ ಪಟ್ಟಿಯನ್ನೂ ನೋಡಿ ಸಾಹೇಬರು ಕರಗಿಹೋದರು. ಜೇಬಿಗೆ ಕೈಹಾಕಿ ಒಂದು ಆಣೆಯನ್ನು ತೆಗೆದು ಅವನ ಮುಷ್ಟಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದರು.

"ಹುಚ್ಚಾ, ಚಾಕು ಪುಕ್ಕಟೆ ತಗೊಂಡರ ಋಣ ಹರೀತದ ಅಂತ ನಮ್ಮವ್ವ ಹೇಳತಿದ್ದಳು. ಈಗ ನಾ ಇದನ್ನ ಕೊಂಡೇನಿ. ಇನ್ನ ನಮ್ಮ ಋಣಕ್ಕ ಏನೂ ಆಗೂದಿಲ್ಲ."

ದೇವೇಂದ್ರಪ್ಪನ ಮುಷ್ಟಿ ಬಿಚ್ಚಲೇ ಇಲ್ಲ.

"ಅಂದಂಗ, ನಾ ಮುಂಬೈ ಕಡೆ ಹೊಂಟೇನಿ ಅಂತ ಯಾರು ಹೇಳಿದರು ನಿಮಗ? ನಾನs ಬರದು ಕೊಟ್ಟು ಮೈಸೂರು ರಾಜ್ಯದಾಗ ಉಳಕೊಂಡೇನಿ. ಗದಗಿಗೆ ಹಾಕ್ಯಾರ. ದೇವೇಂದ್ರಪ್ಪಾ, ನಿನ್ನ ವರ್ಗಕ್ಕೂ ಸಹಿ ಆಗೇದ. ನನ್ನ ಕಚೇರಿಗೇನ!"

ಚಪ್ಪಾಳೆ ಬಿತ್ತು. ಸಾಹೇಬರೂ ಹೋಗುತ್ತಾರೆ, ಅವರ ಹೊಟ್ಟೆಯನ್ನು ಕೇಳುವ ಸರದಿ ಉಳಿದವರಿಗೂ ಬರುವುದಿಲ್ಲ. ಚಪ್ಪಾಳೆ ಜೋರಾಗಿಯೇ ಇತ್ತು.

ಸಾಹೇಬರು ಅವನ ಕಿವಿಯ ಹತ್ತಿರ ಬಾಗಿದರು. "ಬೆಟಗೇರ್ಯಾಗ ಮನಿನೂ ಹಿಡಿದೇನಿ, ನಿಮ್ಮ ಮಗ್ಗಲದ್ದು. ನಡುವ ಒಂದs ಗ್ವಾಡಿ. ನಿನ್ನ ನೀಲಗಂಗವ್ವ ಭಾಳ ಶ್ಯಾಣ್ಯಾ ಹೆಣಮಗಳು ಬಿಡು. ನನ್ನ ಹೊಟ್ಟಿ ಕೇಳಾಕ ನಿನಗ ಸುತ್ತ ಹಾಕಿ ಬರೂ ತ್ರಾಸಾಗಬಾರದು ಅಂತ ಗ್ವಾಡ್ಯಾಗ ಒಂದು ಕಿಡಕಿ ಒಡಸಾಕ ಹಚ್ಚ್ಯಾಳ."