ರಾಜಪ್ಪನಿಗೆ ಎರಡೆಲೆ

ಸತ್ತವರಿಗೆ ಎಡೆ ಇಡುವ ದಿನವಾದರೂ ಸುಮ್ಮನಿರಿ ಎಂದರೆ ನನ್ನ ಬಾಡಿಗೆದಾರರ ಕೈಲಿ ಆಗುವುದಿಲ್ಲ.

ಮಾರೇನಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಲ್ಲಿದೆ. ಕುದುರೆ ಮೇಲೆ ಕತ್ತಿ ಹಿಡಿದ ಗಂಡಸು. ಮಾವನವರು ಮನೆ ಕಟ್ಟುವಾಗ ಅದನ್ನು ಕೀಳಲು ಹೆದರಿ ಗೋಡೆಗೇ ಸೇರಿಸಿಬಿಟ್ಟರು. ಕಿಟಕಿಯಿಲ್ಲದ ಕೋಣೆ, ಬೇಸಿಗೆಯಲ್ಲೂ ಅಲ್ಲಿ ಅಂಗಾಲು ತಣ್ಣಗಾಗುತ್ತದೆ. ಕಲ್ಲಿನವನನ್ನು ನಾವು ರಾಜಪ್ಪ ಎನ್ನುತ್ತೇವೆ. ಮಹಾಲಯ ಅಮಾವಾಸ್ಯೆಗೆ ಯಜಮಾನರ ಎಡೆಯನ್ನು ಅವನ ಮುಂದೆ ಇಟ್ಟು, ಬಾಗಿಲು ಹಾಕಿ, ಅವರು ಉಣ್ಣಲೆಂದು ಹೊರಗೆ ಕಾಯುವುದು ಪದ್ಧತಿ. ಮಿಕ್ಕಿದ್ದನ್ನು ಇಟ್ಟವರೇ ತಿನ್ನಬೇಕು.

ಮಹಡಿಯ ಸೇತುರಾಮ ಮೇಷ್ಟ್ರು ಈ ಸಲ ಕಲ್ಲನ್ನು ಕಂಡು, “ಹನುಮಕ್ಕ, ಇವ್ನು ಚೋಳರಾಜ ಕಣ್ರೀ! ಗೆದ್ದ ಕಡೆಯೆಲ್ಲಾ ಕೆರೆ, ದೇವಸ್ಥಾನ ಕಟ್ಟಿಸ್ದ. ಮಹಾ ಶಿವಭಕ್ತ” ಎಂದರು.

ಪಕ್ಕದ ಕೋಣೆಯ ಗದಗಿನ ದ್ಯಾಮಪ್ಪ ಉರಿದುಬಿದ್ದ. “ಎಂಥಾ ಭಕ್ತ ರೀ? ನಮ್ಮ ಕಡೆ ಊರಿಗೂರೇ ಸುಟ್ಟಾನ. ಶಾಸನದಾಗ ಐತಿ.”

“ಅದು ಸೋತವರು ಬರೆಸಿದ್ದು!”

“ನಿಮ್ದು ಗೆದ್ದಾಂವ ಬರೆಸಿದ್ದಲ್ಲೇನ್ರಿ?”

(ಜಗಳ ಕೇಳಿದರೆ ನಮ್ಮ ಯಜಮಾನರು ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು. ಎಡೆ ಮುಟ್ಟದೆ ಹೋದರೆ? ಪಾಪ, ವರ್ಷಕ್ಕೊಂದೇ ಊಟ!)

ನನಗೊಂದು ದಿವ್ಯ ಉಪಾಯ ಹೊಳೆಯಿತು. “ರಾಜಪ್ಪಂಗೂ ಎಲೆ ಹಾಕ್ತೀನಿ. ಎಂಥೋನು ಅಂತ ಅವ್ನೇ ಉಂಡು ತೋರಿಸ್ಲಿ. ಅಲ್ಲೀಗಂಟ ಯಾರೂ ಉಸಿರೆತ್ತಬೇಡಿ.”

ಮೇಷ್ಟ್ರ ಶಿವಭಕ್ತನಿಗೆ ಚಿತ್ರಾನ್ನ, ಪಾಯಸ. ದ್ಯಾಮಪ್ಪನ ಊರುಸುಡುಕನಿಗೆ ಮುದ್ದೆ, ಮಟನ್ ಸಾರು. ಯಜಮಾನರಿಗೆ ಎಂದಿನಂತೆ ಉಪ್ಪು ಖಾರವಿಲ್ಲದ ಹಾಗಲಕಾಯಿ ಪಲ್ಯ. ಸಕ್ಕರೆ ಕಾಯಿಲೆಯವರು, ಪಥ್ಯ ನಿಲ್ಲಿಸಿ ಎಂದು ಡಾಕ್ಟರು ಇನ್ನೂ ಹೇಳಿಲ್ಲ.

ಬಾಗಿಲು ಹಾಕಿ ಮೂವರೂ ಹೊರಗೆ ಕೂತೆವು. ಮೊದಲು ಎಲೆ ಸರಿದ ಸದ್ದು. ಆಮೇಲೆ ಪಾಯಸ ಸುರ್ರನೆ ಎಳೆದದ್ದು. ಆಮೇಲೆ ಮೂಳೆ ಚೀಪಿದ್ದು. ದ್ಯಾಮಪ್ಪ ಮೇಷ್ಟ್ರ ಕೈ ಹಿಡಿದುಕೊಂಡ. ಮೇಷ್ಟ್ರು ಬಿಡಿಸಿಕೊಳ್ಳಲಿಲ್ಲ.

ಬಾಗಿಲು ತೆಗೆದರೆ ರಾಜಪ್ಪನ ಎರಡೂ ಎಲೆ ಖಾಲಿ!

“ನೋಡಿದ್ರಾ, ಶಿವಭಕ್ತ!”

“ಮೂಳಿ ನೋಡ್ರಿ ಮೇಷ್ಟ್ರ, ಮೂಳಿ!”

ನಾನು ನೋಡಿದ್ದು ಎಲೆಯ ಅಂಚನ್ನು. ಚಿತ್ರಾನ್ನದ ಕರಿಬೇವು, ಸಾರಿನ ಲವಂಗ, ಎಲ್ಲವೂ ಅಂಚಿಗೆ ಸಾಲಾಗಿ ಕೂತಿದ್ದವು. ಹಾಗೆ ಜೋಡಿಸಿಟ್ಟು ಉಣ್ಣುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರಿಗಿಟ್ಟ ಹಾಗಲಕಾಯಿ ಮಾತ್ರ ಇಟ್ಟಲ್ಲೇ ಇತ್ತು.

“ಅಮ್ಮಾರ, ಯಜಮಾನ್ರ ಎಲಿ ಹಂಗಽ ಐತಲ್ರಿ?”

ಪದ್ಧತಿ ಪದ್ಧತಿಯೇ. ಕಲ್ಲಿಗೆ ಬೆನ್ನು ಹಾಕಿ ಕೂತು ಆ ಪಲ್ಯವನ್ನು ತಿನ್ನತೊಡಗಿದೆ.

ಬೆನ್ನ ಹಿಂದೆ ಹೊಟ್ಟೆ ತುಂಬಿದ ತೇಗೊಂದು ಕೇಳಿಸಿತು. ಮೇಷ್ಟ್ರು ದ್ಯಾಮಪ್ಪನನ್ನು ನೋಡಿದರು, ದ್ಯಾಮಪ್ಪ ಮೇಷ್ಟ್ರನ್ನು ನೋಡಿದ.

ನಾನು ತಿರುಗಲಿಲ್ಲ. ತಿರುಗಿದ್ದರೆ ಯಜಮಾನರು ನಗುತ್ತಿದ್ದರು.