ಎದುರುಮನೆ ಪ್ರಾರ್ಥನೆಗೆ ಹತ್ತು ಜನ

ಸಾವಿನ ಮನೇಲಿ ನಗಿಸಬೇಡಿ ಅಂತ ನನ್ನ ಹೆಂಡತಿ ಪ್ರತಿ ಸಲ ಎಚ್ಚರಿಸಿಯೇ ಕಳಿಸ್ತಾಳೆ. ನಾನು ಬಾಯಿ ಮುಚ್ಕೊಂಡೇ ಇರ್ತೀನಿ. ಆದ್ರೂ ನಾನು ಕಾಲಿಟ್ಟ ಕಡೆ ಏನಾದ್ರೂ ಆಗೇ ಆಗತ್ತೆ.

೧. ಮುಚ್ಚಿದ ಕನ್ನಡಿ

ಸುಬಾಂಗ್ ಜಯಾದ ನಮ್ಮ ಕಾಂಡೋದಲ್ಲಿ ಎದುರುಮನೆಯವರು ಲಂಡನ್ನಿನ ಪ್ರೊಫೆಸರು. ಯಹೂದಿ. ಈ ಮುಸ್ಲಿಂ ದೇಶದಲ್ಲಿ ಅದನ್ನ ಹೇಳ್ಕೊಂಡು ತಿರುಗೋ ಹಾಗಿಲ್ಲ ನೋಡಿ, ಅದಕ್ಕೇ ನನ್ನೊಬ್ಬನಿಗೆ ಮಾತ್ರ ಹೇಳಿದ್ರು, ಪಾಪ.

ಒಂದಿನ ಅವರ ಬಾಗಿಲು ತೆರೆದಿತ್ತು. ಇಣುಕಿದ್ರೆ ಕನ್ನಡಿಗಳಿಗೆಲ್ಲ ಬೆಡ್‌ಶೀಟ್ ಹೊದಿಸಿದ್ದಾರೆ. ಪೇಂಟಿಂಗ್ ಇರ್ಬೇಕು ಅಂದ್ಕೊಂಡು, ನನಗೆ ಗೊತ್ತಿರೋ ತಮಿಳು ಪೇಂಟರ್ ಒಬ್ಬ ಇದ್ದಾನೆ, ಅರಮನೆಗೇ ಬಣ್ಣ ಹೊಡೆದವನು ಅಂತ ಶುರು ಹಚ್ಕೊಂಡೆ. ಪ್ರೊಫೆಸರ ಹೆಂಡತಿ ತಡೆದು, ಅತ್ತೆ ಲಂಡನ್ನಲ್ಲಿ ತೀರ್ಕೊಂಡ್ರು ಅಂದ್ರು. ಅವರಲ್ಲಿ ಮಣ್ಣು ಮಾಡೋಕೆ ತಡ ಮಾಡಲ್ಲವಂತೆ, ಮಗನಿಗೆ ವಿಮಾನ ಹತ್ತೋಕೂ ಆಗಲಿಲ್ಲ. ಈಗ ಏಳು ದಿನ ಮನೇಲೇ ಶೋಕ, ಅಲ್ಲೀವರೆಗೂ ಯಾರೂ ಕನ್ನಡಿ ನೋಡ್ಕೊಳ್ಳಲ್ಲ.

ಕ್ಷಮಿಸಿ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಲಿಫ್ಟ್ ಬಾಗಿಲು ತೆರೀತು. ಬಣ್ಣದ ಕಾರ್ಡು ಹಿಡ್ಕೊಂಡು ಪೇಂಟರ್ ಇಳಿದ. ಕೆಳಗಿನ ಮಹಡೀಲೇ ಬಣ್ಣ ಹೊಡೀತಿದ್ದವನಿಗೆ ಆಗಲೇ ಮೆಸೇಜ್ ಹಾಕಿಬಿಟ್ಟಿದ್ದೆ.

೨. ಕುಳ್ಳ ಸ್ಟೂಲು

ಮಾರನೇ ದಿನ ಸರಿಯಾಗಿ ಮಾತಾಡಿಸಿ ಬರೋಣ ಅಂತ ಹೋದೆ. ದುಃಖದಲ್ಲಿರೋರು ತಾವಾಗಿ ಮಾತಾಡೋವರೆಗೂ ಬಂದವರು ತುಟಿ ಬಿಚ್ಚಬಾರದು ಅಂತ ಅವರ ಹೆಂಡತಿ ಬಾಗಿಲಲ್ಲೇ ಹೇಳಿದ್ರು. ನನಗೆ ಅದಕ್ಕಿಂತ ಗಲ್ಲು ಶಿಕ್ಷೆ ವಾಸಿ.

ಒಳಗೆ ಸೋಫಾ ಖಾಲಿ ಇತ್ತು. ಇಂಥ ಹೊತ್ತಲ್ಲಿ ಸೋಫಾ ಯಾಕೆ ಅಂತ ವಿನಯವಾಗಿ ಒಂದು ಕುಳ್ಳ ಸ್ಟೂಲ್ ಮೇಲೆ ಕೂತೆ. ಪ್ರೊಫೆಸರ್ ಬಂದು ನನ್ನ ಮುಂದೆ ನಿಂತ್ರು. ಅವರೂ ಸುಮ್ಮನೆ, ನಾನೂ ಸುಮ್ಮನೆ. ಒಂದು ಯುಗ ಕಳೀತು. ಏನೋ ಘೋರ ತಪ್ಪಾಗಿದೆ ಅಂತ ಗೊತ್ತು, ಕೇಳೋ ಹಾಗಿಲ್ಲ.

ಕೊನೆಗೆ ಅವರೇ, "ಅಂಕಲ್, ಶೋಕದಲ್ಲಿರೋರು ಕುಳ್ಳ ಸ್ಟೂಲ್ ಮೇಲೇ ಕೂರ್ಬೇಕು, ಅದು ನನ್ನ ಜಾಗ" ಅಂದ್ರು.

ಏಳೋಕೆ ಹೋದ್ರೆ ಮಂಡಿ ಹಿಡ್ಕೊಂಡುಬಿಟ್ಟಿದೆ. ಹೆತ್ತ ತಾಯಿಗೆ ಹೆಗಲು ಕೊಡೋಕಾಗದ ಮಗ ನನ್ನನ್ನ ಎತ್ತಬೇಕಾಯ್ತು.

೩. ಒಬ್ಬ ಕಮ್ಮಿ

ಎತ್ತಿ ಸೋಫಾಗೆ ಹಾಕಿದ ಮೇಲೆ ಅವರು ಹೇಳ್ಕೊಂಡ್ರು. ತಾಯಿಗಾಗಿ ಮಗ ಹೇಳೋ ಪ್ರಾರ್ಥನೆ ಒಂದಿದೆ, ಕಡ್ಡಿಶ್ ಅಂತ. ಹತ್ತು ಗಂಡಸರು ಸೇರದೆ ಹೇಳೋ ಹಾಗಿಲ್ಲ.

"ಅಮ್ಮನಿಗೆ ಇದೊಂದಾದ್ರೂ ಮಾಡ್ಬೇಕು ಅಂಕಲ್. ಇಲ್ಲಿ ಹತ್ತು ಜನ ಎಲ್ಲಿ ಸಿಗ್ತಾರೆ?"

ಇಷ್ಟೇ ತಾನೇ ಅಂದೆ. ಭಾನುವಾರ ಮಧ್ಯಾಹ್ನ, ನಾನೂ ಸೇರಿ ಹತ್ತು ಜನ ಕನ್ನಡದವರು ಪಂಚೆ ಉಟ್ಕೊಂಡು ಹೊರಟ್ವಿ. ಗಾರ್ಡ್ ಎಲ್ಲಿಗೆ ಅಂತ ತಡೆದ. ಪ್ರೊಫೆಸರ ಗುಟ್ಟು ಒಡೆಯೋ ಹಾಗಿಲ್ಲ. ಹುಟ್ಟುಹಬ್ಬಕ್ಕೆ ಅಂದೆ. ಹತ್ತೂ ಮುಖ ಹರಳೆಣ್ಣೆ ಕುಡಿದ ಹಾಗಿದ್ರೂ ಬಿಟ್ಟ.

ನಮ್ಮನ್ನ ನೋಡಿ ಪ್ರೊಫೆಸರ ಕಣ್ಣು ತುಂಬ್ಕೊಳ್ತು. ಆಮೇಲೆ ಮೆಲ್ಲಗೆ, ಹತ್ತೂ ಜನ ಯಹೂದಿಗಳೇ ಆಗಿರ್ಬೇಕು ಅಂದ್ರು. ಸರಿ, ಲಂಡನ್ನಲ್ಲಿ ಅಣ್ಣನ ಮನೇಲಿ ಜನ ಸೇರ್ತಿದ್ದಾರೆ, ವಿಡಿಯೋದಲ್ಲಿ ಅವರ ಜೊತೆ ಹೇಳ್ತೀನಿ, ನೀವೂ ಇರಿ ಅಂತ ಕೂರಿಸಿದ್ರು.

ಕಂಪ್ಯೂಟರ್ ಹಾಕಿದ್ರೆ ಅಲ್ಲಿ ಒಂಬತ್ತೇ ಜನ. ಅವರಿಗೆ ತೆರೆ ಮೇಲಷ್ಟೇ ಕಾಣೋ ಪ್ರೊಫೆಸರ್ ಹತ್ತನೆಯವರಾಗಿ ಲೆಕ್ಕಕ್ಕಿಲ್ಲವಂತೆ. ಒಬ್ಬ ಆಗಲೇ ಹೊರಡೋಕೆ ಕೋಟು ಹಾಕ್ಕೊಳ್ತಿದ್ದಾನೆ. ನಾವು ಲಂಡನ್ನಿನ ಬಾಗಿಲನ್ನೇ ನೋಡ್ತಾ ಕೂತ್ವಿ. ಅವನು ಕೋಟಿನ ಕೊನೇ ಗುಂಡಿ ಹಾಕೋ ಹೊತ್ತಿಗೆ ಒಬ್ಬ ಏದುಸಿರು ಬಿಡ್ತಾ ಒಳಗೆ ಬಂದ.

ಪ್ರೊಫೆಸರ್ ಎದ್ದು ನಿಂತು ಪ್ರಾರ್ಥನೆ ಹೇಳಿದ್ರು. ನಾವು ದೂರದ ಬ್ರಿಕ್‌ಫೀಲ್ಡ್ಸ್ ಪೇಟೆವರೆಗೂ ಕೇಳೋ ಹಾಗೆ ಆಮೆನ್ ಅಂದ್ವಿ. ಅವರ ಹೆಂಡತಿ ಓಡಿಹೋಗಿ ಕಿಟಕಿ ಮುಚ್ಚಿದ್ರು.

ನನಗೆ ಉತ್ಸಾಹ ಬಂದುಬಿಡ್ತು. ತೆರೆ ಮೇಲಿದ್ದ ಅವರ ಮುದುಕ ಚಿಕ್ಕಪ್ಪನನ್ನ, ಇನ್ನೊಂದು ಸಲ ಒಬ್ಬ ಕಮ್ಮಿ ಬಿದ್ರೆ ನಾನೇ ಸೇರ್ಕೊಳ್ಳೋಕೆ ಏನು ಮಾಡ್ಬೇಕು ಅಂತ ಕೇಳಿದೆ. ವರ್ಷಗಟ್ಟಲೆ ಓದ್ಬೇಕು ಅಂದ್ರು. ಓದ್ತೀನಿ ಅಂದೆ. ಆಮೇಲೆ ಒಂದು ಸಣ್ಣ ಆಪರೇಷನ್, ಗಂಡಸರಿಗೆ ಮಾತ್ರ, ಅಂದ್ರು.

ನಾನು ಮೆಲ್ಲಗೆ ತಿರುಗಿ, ನಮ್ಮ ಜೊತೆ ಬಂದಿದ್ದ ಮಣಿಪಾಲದ ಡಾಕ್ಟರ ಮುಖ ನೋಡಿದೆ. ಅವರು ಆಗಲೇ ಬಾಗಿಲ ಹತ್ರ ಚಪ್ಪಲಿ ಮೆಟ್ಕೊಳ್ತಿದ್ರು.

"ನನ್ನನ್ನು ಯಾಕೆ ನೋಡ್ತೀರಿ ಮಾರಾಯ್ರೇ, ನಾನು ಕಣ್ಣಿನ ಡಾಕ್ಟ್ರು."