ಪೆಟ್ಟಿಗೆ ಮೊದಲು, ಕಂಪ್ಯೂಟರ್ ಆಮೇಲೆ

ನಾಲ್ಕು ದೇಶ ಸುತ್ತಿ ಬಂದವಳು ನಾನು; ನನ್ನನ್ನು ನಗಿಸಲು ಎಲ್ಲಿಯೂ ಯಾರೂ ಇಷ್ಟು ಶ್ರಮಪಟ್ಟಿರಲಿಲ್ಲ. ಅರಸೀಕೆರೆಯಲ್ಲಿ ಮಾತ್ರ ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಯಾವುದೋ ಒಂದು ಪ್ರಸಂಗ ಹೊಸ್ತಿಲಾಚೆ ಚಪ್ಪಲಿ ಬಿಡುತ್ತಾ ನಿಂತಿರುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನಿಂದ ವಾಪಸಾಗುವಾಗ ಅಗ್ಗವಾಯಿತೆಂದು ಮೈಗೆ ಕವಚವಿಲ್ಲದ ಒಂದು ಕಂಪ್ಯೂಟರ್ ತಂದಿದ್ದೆ. ಒಂದು ಹಸಿರು ಹಲಗೆ, ಒಂದು ಟ್ರಾನ್ಸ್‌ಫಾರ್ಮರು, ಒಂದು ಕೀಲಿಮಣೆ, ಅಷ್ಟೇ. ಟೀವಿಗೆ ಜೋಡಿಸಿದರೆ ಅಕ್ಷರ ಮೂಡುತ್ತಿತ್ತು. ಹಳೇಬೀಡಿನ ಕಡೆ ಒಂದು ಹೆಣ್ಣುಮಕ್ಕಳ ಶಾಲೆ. ಒಂದು ಕೋಣೆ ಕೊಡಿ, ಇದನ್ನು ಕಲಿಸುತ್ತೇನೆ ಎಂದು ಅಲ್ಲಿನ ಕಮಿಟಿಯನ್ನು ಕೇಳಿದೆ. ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ. ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಮೈಮೇಲೆ ಏನೂ ಇಲ್ಲದ್ದನ್ನ ಹೆಣ್ಣುಮಕ್ಕಳ ಮುಂದೆ ಇಡೋದು ಚೆನ್ನಾಗಿರಲ್ಲಮ್ಮ. ಒಂದು ಪೆಟ್ಟಿಗೆ ಮಾಡಿಸಿಕೊಂಡು ಸೋಮವಾರದ ಸಭೆಗೆ ಬನ್ನಿ, ನೋಡೋಣ" ಎಂದರು.

ಕೋಣೆ ಸಿಗದಿದ್ದರೆ ನಾನು ಮತ್ತೆ ಊರು ಬಿಡುತ್ತೇನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಸಲ ನನಗೇ ಹೋಗಲು ಮನಸ್ಸಿರಲಿಲ್ಲ.

೧. ನಾಲ್ಕು ಕಂಬ

ಮೊದಲು ಬಡಗಿ ಆಚಾರ್ರಿಗೆ ಅಳತೆ ಕೊಟ್ಟೆ. "ಗೊತ್ತಾಯ್ತು ಬಿಡಿ" ಎಂದರು. ಎರಡು ದಿನ ಬಿಟ್ಟು ಹೋದರೆ ನಾಲ್ಕು ಕಂಬ, ಮೇಲೊಂದು ಗೋಪುರ, ಅದರ ತುದಿಗೆ ಕಳಸ.

"ಇದೇನು ಆಚಾರ್ರೇ?"

"ಮುಂದುಗಡೆ ತೆರೆದಿರಬೇಕು ಅಂದ್ರಿ. ಒಳಗೆ ಸಣ್ಣ ದೀಪ ಉರೀತದೆ ಅಂದ್ರಿ. ದಿನಾ ಬೆಳಿಗ್ಗೆ ಅದರ ಮುಂದೆ ಕೂತ್ಕೋತೀನಿ ಅಂದ್ರಿ. ಇನ್ನೇನು ಮಾಡ್ಲಿ?"

ದುಡ್ಡು ಕೊಟ್ಟೆ. ಹೊತ್ತು ತಂದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ನನ್ನ ಸೋದರತ್ತೆ ಅದರೊಳಗೆ ವೆಂಕಟರಮಣನನ್ನು ಕೂರಿಸಿ ಊದುಬತ್ತಿ ಹಚ್ಚಿಯಾಗಿತ್ತು. ದೇವರನ್ನು ಎಬ್ಬಿಸಿ ಟ್ರಾನ್ಸ್‌ಫಾರ್ಮರ್ ಕೂರಿಸುವ ಧೈರ್ಯ ನನಗೆ ಲಂಡನ್ನಿನಲ್ಲೂ ಬಂದಿರಲಿಲ್ಲ.

೨. ನಲವತ್ತು ತೂತು

ಆಮೇಲೆ ಟ್ರಂಕಿನ ಅಂಗಡಿ. ಈ ಸಲ ಚೀಟಿಯಲ್ಲಿ ಚಿತ್ರವನ್ನೇ ಬರೆದುಕೊಟ್ಟೆ: ತಗಡಿನ ಪೆಟ್ಟಿಗೆ, ಒಳಗಿನ ಬಿಸಿ ಹೊರಗೆ ಹೋಗಲು ಪಕ್ಕಗಳಲ್ಲಿ ನಲವತ್ತು ತೂತು. ಶುಕ್ರವಾರ ಪೆಟ್ಟಿಗೆ ಸಿದ್ಧವಾಗಿತ್ತು. ನೀಲಿ ಬಣ್ಣ, ಮುಚ್ಚಳದ ಮೇಲೆ ಎರಡು ಗುಲಾಬಿ, ಬೀಗಕ್ಕೆ ಚಿಲಕ. ತೂತು ಮಾತ್ರ ಒಂದೂ ಇಲ್ಲ.

"ತೂತೆಲ್ಲಿ?"

"ಹೊಡೆದಿದ್ದೆ ಕಣಮ್ಮ, ಎಣಿಸಿ ನಲವತ್ತು. ಆಮೇಲೆ ಮನಸ್ಸು ತಡೀಲಿಲ್ಲ. ತೂತಿರೋ ಮಾಲು ಇವತ್ತಿನವರೆಗೂ ನನ್ನ ಅಂಗಡಿಯಿಂದ ಆಚೆ ಹೋಗಿಲ್ಲ. ಒಂದೊಂದಕ್ಕೂ ಬೆಸುಗೆ ಹಾಕಿ ಮುಚ್ಚಿದೀನಿ."

"ಅಲ್ಲ, ಗಾಳಿ ಆಡಬೇಕಲ್ಲ?"

"ಗಾಳಿ ಹಾಗಿರಲಿ, ನೀರು ತುಂಬಿಸಿಟ್ಟು ನೋಡಿದೀನಿ. ಒಂದು ಹನಿ ಸೋರಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

೩. ಜರಡಿ

ಶನಿವಾರ ನಾನೇ ಗರಗಸ ಹಿಡಿದೆ. ಹೋಟೆಲಿನವರು ಬಿಸಾಡಿದ್ದ ಟೀಪುಡಿ ಪೆಟ್ಟಿಗೆಯ ಪ್ಲೈವುಡ್ಡು, ಮೂಲೆಗಳಿಗೆ ಮರದ ಪಟ್ಟಿ, ಒಂದು ಹಿಡಿ ಸ್ಕ್ರೂ. ಹಿಂಬದಿಯಲ್ಲಿ ಗಾಳಿಗೆಂದು ದುಂಡಗೆ ಕೊರೆದೆ. ಅದಕ್ಕೊಂದು ಜಾಲರಿ ಬೇಕಿತ್ತು. ಅಡುಗೆಮನೆಯಲ್ಲಿ ಅತ್ತೆಯ ರಾಗಿಹಿಟ್ಟಿನ ಜರಡಿ ಗೋಡೆಗೆ ಸುಮ್ಮನೆ ನೇತಾಡುತ್ತಿತ್ತು. ಒಳಗಡೆಯಿಂದ ನಾಲ್ಕು ಸ್ಕ್ರೂ ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಅತ್ತೆ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಅದು ನನ್ನ ಜರಡಿ ಕಣೇ."

"ಸೋಮವಾರ ಒಂದು ದಿನ ಅತ್ತೆ. ಬೇಕಾದಾಗ ಬಿಚ್ಚಿ ಕೊಡ್ತೀನಿ."

"ನೀನ್ಯಾಕೆ ಬಿಚ್ತೀಯ, ಸ್ಕ್ರೂಡ್ರೈವರ್ ಹಿಡಿಯೋಕೆ ಲಂಡನ್ನಿಗೆ ಹೋಗಿ ಬರಬೇಕಾ?"

೪. ಬಸ್ಸಿನಲ್ಲಿ

ಭಾನುವಾರ ರಾತ್ರಿಯೇ ಕಂಪ್ಯೂಟರನ್ನೆಲ್ಲ ಒಳಗಿಟ್ಟು ಮುಚ್ಚಳ ಹಾಕಿದ್ದೆ. ಸೋಮವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರು ಹಿಂಬದಿಯ ಜರಡಿ ನೋಡಿದರು. "ಕೋಳಿನ ಟಾಪ್ ಮೇಲೆ ಹಾಕಿ."

"ಕೋಳಿ ಅಲ್ಲ, ಕಂಪ್ಯೂಟರು."

"ಯಾವ ತಳಿಯಾದ್ರೂ ಟಾಪ್ ಮೇಲೇನೇ."

ಪಕ್ಕದಲ್ಲಿ ಗಂಡಸಿ ಊರಿನ ಅಜ್ಜಿಯೊಬ್ಬರು ಕೂತಿದ್ದರು. ಪೆಟ್ಟಿಗೆಗೆ ಕಿವಿಯಿಟ್ಟು ಆಲಿಸಿದರು, ಒಮ್ಮೆ ಮುಟ್ಟಿಯೂ ನೋಡಿದರು. ಆಮೇಲೆ ಕಂಡಕ್ಟರಿಗೆ ಮೆಲ್ಲಗೆ, "ಸದ್ದಿಲ್ಲ ಕಣಪ್ಪ, ಕಾವಿಗೆ ಕೂತೈತೆ. ಈಗ ಅಲ್ಲಾಡಿಸಬ್ಯಾಡ" ಎಂದರು.

ಕಂಡಕ್ಟರು ಗೌರವದಿಂದ ಮುಂದೆ ಹೋದರು.

೫. ಸಭೆ

ಕಮಿಟಿಯ ಐದೂ ಜನ ಬಂದಿದ್ದರು. ಶಾಲೆಯ ಟೀವಿ ಮೇಜಿನ ಮೇಲಿತ್ತು. ಕರೆಂಟು ಮಾತ್ರ ಬಂದಿರಲಿಲ್ಲ.

"ಪರವಾಗಿಲ್ಲ, ಹಾಗೇ ನೋಡೋಣ" ಎಂದರು ಅಧ್ಯಕ್ಷರು. ನೋಡಿದರು. ಒಬ್ಬರು ಬೆರಳಿನಿಂದ ತಟ್ಟಿ ಮರ ಯಾವುದೆಂದು ಕೇಳಿದರು. ಇನ್ನೊಬ್ಬರು ಗೆದ್ದಲಿನ ಬಗ್ಗೆ ವಿಚಾರಿಸಿದರು. ಮೂರನೆಯವರಿಗೆ ಜರಡಿ ಬಹಳ ಹಿಡಿಸಿತು. "ಫಾರಿನ್ನಿನವರ ಬುದ್ಧಿಯೇ ಬುದ್ಧಿ" ಎಂದರು. ಅಧ್ಯಕ್ಷರು ಪೆಟ್ಟಿಗೆಯ ಮೇಲೆ ಅಂಗೈ ಊರಿ ಒಂದು ನಿಮಿಷ ಕಣ್ಣುಮುಚ್ಚಿದರು. "ತಣ್ಣಗಿದೆ ನೋಡ್ರಿ. ನಮ್ಮ ಮನೆ ರೇಡಿಯೋ ಅರ್ಧ ಗಂಟೆಗೇ ಸುಡುತ್ತೆ."

ಕಾಫಿ ಬಂತು. ಅವರೆಲ್ಲ ಲೋಟಗಳ ಕಡೆ ತಿರುಗಿದಾಗ, ಕರೆಂಟು ಬಂದರೆ ಸಿದ್ಧವಿರಲಿ ಎಂದು ಮುಚ್ಚಳ ಎತ್ತಿದೆ.

ಪಕ್ಕದಲ್ಲಿ ಕೀಲಿಮಣೆ ಇತ್ತು, ತಳದಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು. ಹಸಿರು ಹಲಗೆ ಇರಲಿಲ್ಲ. ಅದರ ಜಾಗದಲ್ಲಿ ಒಂದಿಷ್ಟು ರಾಗಿಹಿಟ್ಟು.

ಅತ್ತೆ ಬೆಳಿಗ್ಗೆಯೇ ಎದ್ದು ಹಲಗೆ ಪಕ್ಕಕ್ಕಿಟ್ಟು, ಜರಡಿ ಬಿಚ್ಚಿ, ಹಿಟ್ಟು ಜರಡಿ ಹಿಡಿದಿದ್ದರು. ಸೋಮವಾರದ ಮಟ್ಟಿಗೆ ಜರಡಿ ನನ್ನದೆಂಬುದನ್ನು ಮರೆಯದೆ, ಅದನ್ನು ಮತ್ತೆ ನಾಲ್ಕೂ ಸ್ಕ್ರೂ ಬಿಗಿದು ಕೂರಿಸಿದ್ದರು. ಕಂಪ್ಯೂಟರ್ ಈಗ ಅರಸೀಕೆರೆಯ ನಮ್ಮ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬದ ಮೇಲಿತ್ತು.

ಮುಚ್ಚಳ ಹಾಕಿದೆ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಧ್ಯಕ್ಷರು ನಡಾವಳಿ ಪುಸ್ತಕ ತರಿಸಿ, ಗಂಟಲು ಸರಿಮಾಡಿಕೊಂಡು ಗುಮಾಸ್ತರಿಗೆ ಹೇಳಿ ಬರೆಸತೊಡಗಿದ್ದರು:

"ಕಂಪ್ಯೂಟರನ್ನು ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿತು. ಸದ್ದಿಲ್ಲದೆ, ಕಾವಿಲ್ಲದೆ, ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ. ಕೋಣೆ ಕೊಡಲು ಸರ್ವಾನುಮತದಿಂದ ಒಪ್ಪಲಾಯಿತು."

ಐದು ರುಜು ಬಿದ್ದವು. ಆರನೆಯದು ನನ್ನದು.